ಪೈಪಿನ ಮಿಶ್ರಣಕ್ಕೆ ಹೊಗೆಸೊಪ್ಪಿನ ಪರೀಕ್ಷೆ

ಪೈಪಿನಲ್ಲಿ ಸೇದುವ ಹೊಗೆಸೊಪ್ಪು ಸಾಮಾನ್ಯವಾಗಿ ಹಲವು ಜಾತಿಗಳ ಮಿಶ್ರಣ. ವರ್ಜಿನಿಯಾ ಸಿಹಿಯನ್ನು ಕೊಡುವುದು. ಸೌದೆಯ ಹೊಗೆಯಲ್ಲಿ ಹದಗೊಳಿಸಿದ ಸೈಪ್ರಸ್ ದ್ವೀಪದ ಲಟಾಕಿಯಾ ಧೂಪದಂತಹ ವಾಸನೆಯನ್ನು ಕೊಡುವುದು. ಪರೀಕ್ಷಕನು ಮೊದಲು ಮಿಶ್ರಣವನ್ನು ಮುಷ್ಟಿಯಲ್ಲಿ ಅದುಮಿ ಬಿಡುವನು. ಮುದ್ದೆಯಾಗಿ ನಿಂತರೆ ತೇವ ಹೆಚ್ಚು. ಪುಡಿಯಾದರೆ ಒಣಗಿದ್ದು ಹೆಚ್ಚು. ಮೆಲ್ಲನೆ ಬಿಚ್ಚಿಕೊಂಡರೆ ಹದ. ಬಳಿಕ ಮೂಸಿ ನೋಡಿ, ನಿಧಾನವಾಗಿ ಸೇದುವನು. ಬಿರುಸಾಗಿ ಸೇದಿದರೆ ಉತ್ತಮ ಮಿಶ್ರಣವೂ ನಾಲಗೆಯನ್ನು ಸುಡುವುದು. ಅದು ಸೊಪ್ಪಿನ ದೋಷವಲ್ಲ.

ರುಚಿಯ ಕೊರತೆಯನ್ನು ಬೇರೆ ಸೊಪ್ಪು ಬೆರೆಸಿ ಮರೆಸಬಹುದು. ಪದೇ ಪದೇ ಆರಿಹೋಗುವ ಎಲೆಯನ್ನು ಮಾತ್ರ ಸರಿಪಡಿಸುವುದು ಬಹು ಕಷ್ಟ. ಈ ದೋಷವು ಹೊಲದಲ್ಲಿಯೇ ಹುಟ್ಟತಕ್ಕದ್ದು. ಉಪ್ಪುನೀರಿನ ಬಾವಿಯಿಂದಲೂ ಮ್ಯೂರಿಯೇಟ್ ಪೊಟಾಷ್ ಗೊಬ್ಬರದಿಂದಲೂ ಎಲೆಗೆ ಕ್ಲೋರೈಡು ಸೇರಿ, ಅದು ತೇವವನ್ನು ಹೀರಿಕೊಂಡು ಉರಿಯದಾಗುವುದು. ಆದಕಾರಣ ಹುಣಸೂರು, ಪಿರಿಯಾಪಟ್ಟಣ ಸೀಮೆಯ ವರ್ಜಿನಿಯಾ ಬೆಳೆಗಾರರು ಸಲ್ಫೇಟ್ ಪೊಟಾಷನ್ನೇ ಹಾಕತಕ್ಕದ್ದು.

ಹದಗೊಳಿಸಿದ ಎಲೆಗೆ ಕಿಡಿ ತಾಗಿಸಿದರೆ ಗುಣವು ರೈತನಿಗೇ ಗೋಚರವಾಗುವುದು. ಕಿಡಿಯು ಜ್ವಾಲೆಯಿಲ್ಲದೆ ಸುತ್ತಲೂ ಸಮನಾಗಿ ಹರಡಿ, ಬಿಳಿಯ ಬೂದಿ ಉಳಿದರೆ ಎಲೆ ಒಳ್ಳೆಯದು. ಕರಿ ಅಂಚು ಬಿಟ್ಟು ಆರಿದರೆ ಬೆಲೆ ಇಳಿಯುವುದು. ನಾಟಿಗೆ ಮುಂಚೆಯೇ ಗ್ರಾಮದ ಬಾವಿಗಳ ನೀರನ್ನು ಪರೀಕ್ಷೆಗೆ ಕಳುಹಿಸುವುದು ಲೇಸು.