ಬಂಡೆಗೆ ತಕ್ಕ ಲಂಗರು

ಮಲಪ್ರಭೆ ನಮ್ಮ ಹೊಳೆ. ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ ಅದು ಹುಟ್ಟುತ್ತದೆ. ಕಿತ್ತೂರಿನ ಹತ್ತಿರದ ಎಂ.ಕೆ. ಹುಬ್ಬಳ್ಳಿ ದಾಟುತ್ತದೆ. ಬೈಲಹೊಂಗಲ ಸೀಮೆ ಹಾದು ಸವದತ್ತಿಗೆ ಬರುತ್ತದೆ. ಅಲ್ಲಿ ನವಿಲುತೀರ್ಥದಲ್ಲಿ ಎರಡು ಗುಡ್ಡಗಳ ನಡುವೆ ಆಣೆಕಟ್ಟು ಇದೆ. ಅದರ ಹಿಂದೆ ನಿಂತ ನೀರೇ ರೇಣುಕಾಸಾಗರ. ಆಣೆಕಟ್ಟು ದಾಟಿದ ಹೊಳೆ ರಾಮದುರ್ಗದ ಕಡೆ ಹರಿಯುತ್ತದೆ. ಮುಂದೆ ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತದೆ.

ಈ ನೀರನ್ನು ನಂಬಿ ಬದುಕುವ ಮನೆಗಳಿವೆ. ಕೆಲವರು ದೋಣಿ ಏರುತ್ತಾರೆ. ಕೆಲವರು ಬಲೆ ಸರಿಮಾಡುತ್ತಾರೆ. ಕೆಲವರು ಮೀನು ಸಂತೆಗೆ ಒಯ್ಯುತ್ತಾರೆ. ಲಂಗರಿನ ಖರ್ಚು ಮಾತ್ರ ಎಲ್ಲರ ಮನೆಯದು. ಆದ್ದರಿಂದ ಲಂಗರಿನ ವಿಷಯ ನಾವೂ ತಿಳಿಯೋಣ.

ತಳ ಯಾವುದು?

ನೀರಿನ ತಳ ಎಲ್ಲ ಕಡೆ ಒಂದೇ ತರಹ ಇರುವುದಿಲ್ಲ. ಒಂದು ಕಡೆ ಕೆಸರು. ಒಂದು ಕಡೆ ಉಸುಕು. ಗುಡ್ಡದ ಹತ್ತಿರ ಕಲ್ಲು, ಬಂಡೆ. ಹಗ್ಗಕ್ಕೆ ಒಂದು ಕಲ್ಲು ಕಟ್ಟಿ ಬಿಡಿರಿ. ಕೈಗೆ ಟಕ್ ಎಂದು ತಿಳಿದರೆ ಬಂಡೆ. ಮೆತ್ತಗೆ ಕುಳಿತರೆ ಕೆಸರು. ಕಲ್ಲಿನ ಬುಡಕ್ಕೆ ಗ್ರೀಸ್ ಹಚ್ಚಿದರೆ ಉಸುಕು ಅಂಟಿಕೊಂಡು ಮೇಲೆ ಬರುತ್ತದೆ.

ಅಗಲ ಅಲಗಿನ ಲಂಗರು ಕೆಸರು, ಉಸುಕಿಗೆ ಒಳ್ಳೆಯದು. ನೇಗಿಲಿನಂತೆ ಅದು ತಳದೊಳಗೆ ಇಳಿಯುತ್ತದೆ. ಬಂಡೆಯಲ್ಲಿ ಅದು ಇಳಿಯುವುದಿಲ್ಲ. ಜಾರುತ್ತದೆ, ಇಲ್ಲವೇ ಸಂದಿಯಲ್ಲಿ ಸಿಕ್ಕಿಬೀಳುತ್ತದೆ.

ಬರೀ ಕಲ್ಲು ಸಾಲದೇ?

ಬಾವಿಯಿಂದ ಕೊಡ ಸೇದುವಾಗ ನೋಡಿದ್ದೀರಿ. ನೀರಿನೊಳಗೆ ಕೊಡ ಹಗುರ. ಮೇಲೆ ಬಂದ ಕೂಡಲೇ ಭಾರ. ಕಲ್ಲೂ ಹಾಗೇ. ದಂಡೆಯ ಮೇಲೆ 10 ಕಿಲೋ ತೂಗುವ ಕಲ್ಲು ನೀರಿನಲ್ಲಿ ಸುಮಾರು 6 ಕಿಲೋ ಮಾತ್ರ. 10 ಕಿಲೋ ಕಬ್ಬಿಣ ನೀರಿನಲ್ಲೂ ಸುಮಾರು ಎಂಟೂವರೆ ಕಿಲೋ ಇರುತ್ತದೆ. ಗಾಳಿ ಇಲ್ಲದಾಗ ಕಲ್ಲು ನಡೆಯುತ್ತದೆ. ಗಾಳಿ ಎದ್ದರೆ ಕಲ್ಲು ಜಾರುತ್ತದೆ, ದೋಣಿ ಅದರ ಹಿಂದೆ ಹೋಗುತ್ತದೆ.

ಬಂಡೆಗೆ ಕೊಕ್ಕೆ ಲಂಗರು

ಬಾವಿಗೆ ಬಿದ್ದ ಕೊಡ ಎತ್ತುವ ಪಾತಾಳಗರಡಿ ನಿಮಗೆ ಗೊತ್ತು. ಬಂಡೆಯ ಲಂಗರೂ ಅದೇ ಜಾತಿಯದು. ನಡುವೆ ಒಂದು ದಂಡು, ಬುಡದಲ್ಲಿ ನಾಲ್ಕು ಕೊಕ್ಕೆ. ಯಾವ ಕಡೆ ಬಿದ್ದರೂ ಒಂದು ಕೊಕ್ಕೆ ಕಲ್ಲಿಗೆ ಸಿಗುತ್ತದೆ.

ಕೊಕ್ಕೆಗಳು ಬಹಳ ಗಟ್ಟಿ ಇರಬಾರದು. ಬಾಗುವ ಸರಳಿನಿಂದ ಮಾಡಿಸಬೇಕು. ಸಿಕ್ಕಿಬಿದ್ದಾಗ ಜೋರಾಗಿ ಜಗ್ಗಿದರೆ ಕೊಕ್ಕೆ ನೆಟ್ಟಗಾಗಿ ಬಿಟ್ಟುಬರುತ್ತದೆ. ದಂಡೆಗೆ ಬಂದು ಮತ್ತೆ ಬಾಗಿಸಿದರಾಯಿತು. ಹಿಡಿಯುವುದು ಅರ್ಧ ಕೆಲಸ. ಬಿಟ್ಟುಬರುವುದು ಉಳಿದ ಅರ್ಧ.

ಹಗ್ಗ ಕಟ್ಟುವ ರೀತಿ

ಜಾಲಿ ಮುಳ್ಳಿಗೆ ಸೆರಗು ಸಿಕ್ಕರೆ ಏನು ಮಾಡುತ್ತೇವೆ? ಮುಂದಕ್ಕೆ ಜಗ್ಗಿದರೆ ಸೀರೆ ಹರಿಯುತ್ತದೆ. ಹಿಂದಕ್ಕೆ ಸರಿದು ಬಿಡಿಸುತ್ತೇವೆ. ಲಂಗರಿಗೂ ಇದೇ ಉಪಾಯ.

ಲಂಗರಿನ ಬುಡದಲ್ಲಿ ಒಂದು ಬಳೆ, ತಲೆಯಲ್ಲಿ ಒಂದು ಬಳೆ ಹಾಕಿಸಿರಿ. ಒಂದೆರಡು ಮಾರು ಸರಪಳಿಯನ್ನು ಬುಡದ ಬಳೆಗೆ ಕಟ್ಟಿರಿ. ದಂಡಿನ ಗುಂಟ ಮೇಲೆ ತನ್ನಿರಿ. ತಲೆಯ ಬಳೆಗೆ ತೆಳುವಾದ ಹುರಿಯಿಂದ ಕಟ್ಟಿರಿ. ಸರಪಳಿಯ ತುದಿಗೆ ಹಗ್ಗ ಕಟ್ಟಿರಿ. ಲಂಗರು ಸಿಕ್ಕಿಬಿದ್ದಾಗ ಜೋರಾಗಿ ಜಗ್ಗಿದರೆ ಹುರಿ ಹರಿಯುತ್ತದೆ. ಆಗ ಎಳೆತ ಬುಡದಿಂದ ಬೀಳುತ್ತದೆ. ಕೊಕ್ಕೆ ಹಿಂದಕ್ಕೆ ಸರಿದು ಬಿಡುತ್ತದೆ. ಬಂಡೆಯ ಅಂಚು ಹಗ್ಗವನ್ನು ಕೊಯ್ಯುತ್ತದೆ, ಸರಪಳಿಯನ್ನು ಕೊಯ್ಯುವುದಿಲ್ಲ.

ಒಂದು ಎಚ್ಚರ: ಜೋರು ಗಾಳಿಗೆ ಹುರಿ ತಾನೇ ಹರಿಯಬಹುದು. ಹೀಗೆ ಕಟ್ಟಿದ ದೋಣಿಯನ್ನು ಬಿಟ್ಟು ಹೋಗಬಾರದು. ಅದರಲ್ಲಿ ಮಲಗಬಾರದು.

ಹಗ್ಗ ಆಳದ 3 ಪಟ್ಟು ಉದ್ದ ಇರಲಿ. ಗಾಳಿ ಇದ್ದರೆ 5 ಪಟ್ಟು ಬೇಕು.

ಜೀವ ಮೊದಲು

ಲಂಗರಿನ ಹಗ್ಗವನ್ನು ದೋಣಿಯ ಮುಂತುದಿಗೇ ಕಟ್ಟಬೇಕು. ಹಿಂದೆ ಕಟ್ಟಿದರೆ ತೆರೆಯ ನೀರು ಒಳಗೆ ನುಗ್ಗುತ್ತದೆ. ಲಂಗರು ಬರದಿದ್ದರೆ ನಿಂತುಕೊಂಡು ಒಂದೇ ಮಗ್ಗುಲಿಗೆ ಜಗ್ಗಬಾರದು. ದೋಣಿ ಮಗುಚುತ್ತದೆ. ಹಗ್ಗ ಸಡಿಲ ಬಿಟ್ಟು, ದೋಣಿಯನ್ನು ಎದುರು ಕಡೆಗೆ ಒಯ್ದು, ಕುಳಿತು ಜಗ್ಗಬೇಕು. ಆಗಲೂ ಬರದಿದ್ದರೆ, ಗಾಳಿ ಏರಿದರೆ, ಹಗ್ಗ ಕಡಿದು ದಂಡೆಗೆ ಬರಬೇಕು. ಅದಕ್ಕೆಂದೇ ದೋಣಿಯಲ್ಲಿ ಒಂದು ಚಾಕು ಇರಬೇಕು. ಮೈಮೇಲೆ ಲೈಫ್ ಜಾಕೆಟ್ ಇರಬೇಕು. ಆಣೆಕಟ್ಟಿನ ಗೇಟಿನ ಹತ್ತಿರ ಲಂಗರು ಹಾಕಲೇಬಾರದು.

ನಿಮ್ಮಲ್ಲಿ ಯಾರಾದರೂ ಕೇಳಬಹುದು: "ಅಕ್ಕೋರ, ರೊಕ್ಕ ಕೊಟ್ಟು ತಂದ ಲಂಗರ ಹೆಂಗ್ರಿ ಕಡದು ಬಿಡೂದು?"

ನಾವು ಹೇಳುವುದು ಇಷ್ಟೆ: "ತಂಗಿ, ಲಂಗರ ಕಮ್ಮಾರ ಮತ್ತ ಮಾಡಿ ಕೊಡ್ತಾನ. ಮನಿ ಮನಷ್ಯಾನ್ನ ಯಾರು ಮಾಡಿ ಕೊಡ್ತಾರ?"

ಈ ಮಾತನ್ನು ಮನೆಯಲ್ಲಿ ಮೊದಲೇ ಆಡಿರಿ. ಲಂಗರು ಬಿಟ್ಟು ಬಂದವರನ್ನು ಬೈಯಬೇಡಿರಿ. ಬೈಗುಳದ ಅಂಜಿಕೆ ಇದ್ದವರು ಹಗ್ಗ ಕಡಿಯಲು ತಡ ಮಾಡುತ್ತಾರೆ.

ಉತ್ತರ ಬರೆಯಿರಿ

1. ಬಂಡೆಯ ತಳಕ್ಕೆ ಯಾವ ಲಂಗರು ಬೇಕು?
2. ಕೊಕ್ಕೆಗಳು ಏಕೆ ಬಾಗುವಂತೆ ಇರಬೇಕು?
3. ದೋಣಿಯಲ್ಲಿ ಚಾಕು ಏಕೆ ಇರಬೇಕು?

ಲೆಕ್ಕ ಮಾಡಿರಿ

ನೀರಿನ ಆಳ 4 ಮಾರು. ಗಾಳಿ ಇಲ್ಲದಾಗ ಎಷ್ಟು ಮಾರು ಹಗ್ಗ ಬೇಕು? ಗಾಳಿ ಇದ್ದಾಗ ಎಷ್ಟು?

ಓದಿರಿ, ಬರೆಯಿರಿ

ಲಂಗರು, ಕೊಕ್ಕೆ, ಸರಪಳಿ, ಬಂಡೆ, ದಂಡೆ.