ಎತ್ತರದ ನಾಡಿನಲ್ಲಿ ಬೈಸಿಕಲ್ ಸವಾರಿ: ಸರ್ಚುವಿನಿಂದ ಪಾಂಗ್‌ವರೆಗೆ

ಮನಾಲಿಯಿಂದ ಲೇಹ್‌ವರೆಗಿನ ಹಿಮಾಲಯದ ಹೆದ್ದಾರಿಯನ್ನು ಬೈಸಿಕಲ್ಲಿನ ಮೇಲೆ ಕ್ರಮಿಸುವ ಸಾಹಸಿಗಳಲ್ಲಿ ಮುಂಬಯಿ, ಚೆನ್ನೈಗಳಂತಹ ಕಡಲತೀರದ ನಗರವಾಸಿಗಳೂ ಇರುತ್ತಾರೆ. ಈ ಮಾರ್ಗದಲ್ಲಿ ಸರ್ಚುವಿನಿಂದ ಪಾಂಗ್‌ವರೆಗಿನ ಸುಮಾರು 80 ಕಿಲೋಮೀಟರುಗಳು ಅತ್ಯಂತ ಕಠಿನವಾದ ಒಂದು ದಿನದ ಪ್ರಯಾಣವಾಗಿರುತ್ತವೆ. ಆ ದಿನ ಸವಾರನು ಕುಸಿದರೆ ಕಾಲುಗಳ ಬಲ ಸಾಲದಾಯಿತೆಂದು ಭಾವಿಸುವುದು ವಾಡಿಕೆ. ಆದರೆ ಕಾರಣವನ್ನು ಅನೇಕ ವೇಳೆ ಅವನು ಹಿಂದಿನ ರಾತ್ರಿಗಳನ್ನು ಕಳೆದ ಎಡೆಗಳಲ್ಲಿ ಹುಡುಕಬೇಕಾಗುತ್ತದೆ.

ಸರ್ಚು ಸಮುದ್ರಮಟ್ಟದಿಂದ ಸುಮಾರು 4,290 ಮೀಟರು ಎತ್ತರದಲ್ಲಿದೆ. ಅಲ್ಲಿಂದ ತ್ಸರಪ್ ನದಿಯ ಪಕ್ಕದಲ್ಲಿ ದಾರಿ ಬಹುಮಟ್ಟಿಗೆ ಸಮತಟ್ಟಾಗಿ ಸಾಗಿ, ಗಾಟಾ ಲೂಪ್ಸ್ ಎಂಬ 21 ತಿರುವುಗಳ ಏರನ್ನು ಮುಟ್ಟುತ್ತದೆ. ಈ ತಿರುವುಗಳಲ್ಲಿಯೇ 400 ಮೀಟರುಗಳಿಗೂ ಅಧಿಕ ಎತ್ತರವನ್ನು ಏರಬೇಕು. ಅಲ್ಲೊಂದು ಚಿಕ್ಕ ಗುಡಿಯಿದ್ದು, ಅದರ ಸುತ್ತ ದಾರಿಹೋಕರು ಇಟ್ಟುಹೋದ ನೀರಿನ ಬಾಟಲಿಗಳ ರಾಶಿಯೇ ಬಿದ್ದಿರುತ್ತದೆ. ಕೆಟ್ಟುನಿಂತ ಲಾರಿಯ ಬಳಿ ಅಸ್ವಸ್ಥನಾಗಿ ಒಂಟಿಯಾಗಿ ಉಳಿದು, ಹಿಮಪಾತದಿಂದ ಸಹಾಯ ಬಾರದೆ ಸತ್ತ ಕ್ಲೀನರನೊಬ್ಬನ ನೆನಪಿಗೆಂದು ಲಾರಿಯವರು ಹೇಳುತ್ತಾರೆ. ದಂತಕಥೆಯೇ ಆಗಿದ್ದರೂ ಅದನ್ನು ಕಟ್ಟಿದವರಿಗೆ ಆ ನೆಲದ ಸ್ವಭಾವ ಗೊತ್ತಿತ್ತು.

ಮುಂದೆ ನಕೀ ಲಾ, ಒಂದು ಸಣ್ಣ ಇಳಿತ, ತರುವಾಯ 5,000 ಮೀಟರನ್ನು ಮೀರಿದ ಲಾಚುಲುಂಗ್ ಲಾ. 'ಲಾ' ಎಂದರೆ ಕಣಿವೆದಾರಿ. ಮರವಿಲ್ಲ, ಊರಿಲ್ಲ, ಮಧ್ಯಾಹ್ನದ ಗಾಳಿಯಂತೂ ಸವಾರನನ್ನು ಹಿಂದಕ್ಕೆ ತಳ್ಳುತ್ತದೆ.

ಅಷ್ಟು ಎತ್ತರದಲ್ಲಿಯೂ ಗಾಳಿಯಲ್ಲಿ ಆಮ್ಲಜನಕದ ಪಾಲು ಶೇಕಡಾ 21ರಷ್ಟೇ ಇರುತ್ತದೆ. ಕಡಮೆಯಾಗುವುದು ಗಾಳಿಯ ಒತ್ತಡ. 5,000 ಮೀಟರಿನಲ್ಲಿ ಅದು ಸಮುದ್ರಮಟ್ಟದ ಅರ್ಧಕ್ಕಿಂತ ಸ್ವಲ್ಪವೇ ಹೆಚ್ಚು. ನೀರು ಸುಮಾರು 83 ಡಿಗ್ರಿಯಲ್ಲಿಯೇ ಕುದಿಯುವುದರಿಂದ ಅಲ್ಲಿನ ಡೇರೆಗಳಲ್ಲಿ ಬೇಳೆ ಬೇಯುವುದು ತಡ, ಮ್ಯಾಗಿಗೇ ಗಿರಾಕಿ ಹೆಚ್ಚು. ಶರೀರವು ಕೊರತೆಯನ್ನು ತುಂಬಲು ಉಸಿರಾಟವನ್ನು ಹೆಚ್ಚಿಸುತ್ತದೆ. ಆಗ ಇಂಗಾಲದ ಡೈ ಆಕ್ಸೈಡ್ ಅತಿಯಾಗಿ ಹೊರಹೋಗಿ ರಕ್ತದ ಕ್ಷಾರಗುಣ ಏರುತ್ತದೆ. ಅದನ್ನು ಸರಿದೂಗಿಸುವ ಕೆಲಸ ಮೂತ್ರಪಿಂಡಗಳದು. ಅವಕ್ಕೆ ಕೆಲವು ದಿನಗಳೇ ಬೇಕು. ಈ ಲೆಕ್ಕದಲ್ಲಿ ಮುಂಗಡ ಸಾಲ ದೊರೆಯುವುದಿಲ್ಲ.

ದೇಹದಾರ್ಢ್ಯವೂ ಇಲ್ಲಿ ರಕ್ಷಣೆಯಲ್ಲ. ವೈದ್ಯ ಇಂದರ್ ಸಿಂಗ್ ಮತ್ತು ಅವರ ಸಹೋದ್ಯೋಗಿಗಳು 1969ರಲ್ಲಿ ಪ್ರಕಟಿಸಿದ ಪ್ರಸಿದ್ಧ ಅಧ್ಯಯನದಲ್ಲಿ ಪರ್ವತ ಅಸ್ವಸ್ಥತೆಗೆ ತುತ್ತಾದ 1,925 ಮಂದಿಯೂ ಭಾರತೀಯ ಸೈನಿಕರೇ. ಬಲಶಾಲಿಯಾದ ಸವಾರನು ಬೇಗ ಏರಬಲ್ಲನಾದ್ದರಿಂದ ಅವನಿಗೆ ಅಪಾಯವೂ ಬೇಗ ಒದಗಬಹುದು.

3,000 ಮೀಟರು ದಾಟಿದ ಮೇಲೆ ಮಲಗುವ ಸ್ಥಳದ ಎತ್ತರವನ್ನು ಒಂದು ರಾತ್ರಿಗೆ 500 ಮೀಟರಿಗಿಂತ ಹೆಚ್ಚಿಸಬಾರದು. ಮೂರು ನಾಲ್ಕು ದಿನಗಳಿಗೊಮ್ಮೆ ವಿಶ್ರಾಂತಿ ಬೇಕೆಂದು ತಜ್ಞರ ಮತ. ಸರ್ಚು-ಪಾಂಗ್ ನಡುವೆ ಈ ವ್ಯತ್ಯಾಸ ಸುಮಾರು 300 ಮೀಟರು ಮಾತ್ರ. ತಪ್ಪು ಅದಕ್ಕೂ ಮೊದಲೇ ನಡೆದಿರುತ್ತದೆ: 3,200 ಮೀಟರಿನ ಜಿಸ್ಪಾದಲ್ಲಿ ಒಂದೇ ರಾತ್ರಿ ತಂಗಿ ಮರುದಿನವೇ ಸರ್ಚುವಿನಲ್ಲಿ ಮಲಗಿದವನು ಸಾವಿರ ಮೀಟರು ನೆಗೆದಂತಾಯಿತು. ಜಿಸ್ಪಾದಲ್ಲಿ ಇನ್ನೊಂದು ರಾತ್ರಿ, ಅನಂತರ ಪಟ್ಸಿಯೋದ ಹತ್ತಿರ ಒಂದು ರಾತ್ರಿ ಕಳೆದರೆ ಆ ನೆಗೆತ ಎರಡಾಗಿ ಒಡೆಯುತ್ತದೆ. ಅಸೆಟಜೋಲಮೈಡ್ ಮಾತ್ರೆ ಈ ಹೊಂದಾಣಿಕೆಯನ್ನು ತ್ವರಿತಗೊಳಿಸುತ್ತದೆ; ಸಲ್ಫಾ ಔಷಧಗಳು ಒಗ್ಗದವರು ವಿಶೇಷವಾಗಿ, ವೈದ್ಯರನ್ನು ಕೇಳದೆ ಸೇವಿಸಕೂಡದು.

ತಲೆನೋವು, ಹಸಿವಿಲ್ಲದಿರುವುದು, ವಾಕರಿಕೆ ಇವು ಮೊದಲ ಸೂಚನೆಗಳು. ಇವು ಇದ್ದಾಗ ಇನ್ನೂ ಮೇಲೇರಬಾರದು. ನೇರವಾದ ಗೆರೆಯ ಮೇಲೆ ಹೆಜ್ಜೆಗೆ ಹೆಜ್ಜೆ ತಾಗಿಸಿ ನಡೆಯಲಾಗದಿದ್ದರೆ ಮೆದುಳಿನಲ್ಲಿ ಬಾವು ಬಂದಿರಬಹುದು. ಸುಮ್ಮನೆ ಕುಳಿತಾಗಲೂ ಏದುಸಿರು, ಕೆಮ್ಮು ಇದ್ದರೆ ಶ್ವಾಸಕೋಶದಲ್ಲಿ ನೀರು ತುಂಬಿರಬಹುದು. ಇವೆರಡರಲ್ಲಿಯೂ ಕೂಡಲೇ ಕೆಳಗಿಳಿಸಿ ಆಮ್ಲಜನಕ ಕೊಡುವುದೇ ಮುಖ್ಯ ಚಿಕಿತ್ಸೆ. ಮದ್ಯ, ನಿದ್ರೆಮಾತ್ರೆ ಸಲ್ಲವು. ಮಂಕು ಕವಿದ ರೋಗಿಗೆ ತನ್ನ ಸ್ಥಿತಿ ತಿಳಿಯದಾದ್ದರಿಂದ ಜೊತೆಗಾರನೇ ನಿರ್ಧರಿಸಬೇಕು.

ಲಾಚುಲುಂಗ್ ಲಾದಿಂದ ಇಳಿದು ಪಾಂಗ್ ತಲುಪಿದಾಗ ಗಂಡಾಂತರ ಕಳೆಯಿತೆನಿಸುತ್ತದೆ. ಆದರೆ ಪಾಂಗ್ ಇರುವುದು ಸುಮಾರು 4,600 ಮೀಟರಿನಲ್ಲಿ. ಹಿಂದಕ್ಕೆ ಹೋಗಬೇಕಾದರೆ ಅದೇ ಲಾಚುಲುಂಗ್ ಲಾ. ಮುಂದಕ್ಕಾದರೆ ಮೋರೆ ಬಯಲಿನಾಚೆ 5,300 ಮೀಟರಿಗೂ ಎತ್ತರದ ತಾಂಗ್ಲಾಂಗ್ ಲಾ. ರೋಗಿಯನ್ನು ಯಾವ ದಿಕ್ಕಿಗೆ ಇಳಿಸುವುದಾದರೂ ಮೊದಲು ಅವನನ್ನು ವಾಹನದಲ್ಲಿ ಮೇಲಕ್ಕೇ ಒಯ್ಯಬೇಕಾಗುತ್ತದೆ. ಆದುದರಿಂದ ತಲೆನೋವಿನೊಡನೆ ಎದ್ದವನನ್ನು ಸರ್ಚುವಿನ ಮುಂಜಾವದಲ್ಲಿಯೇ ತಡೆದು, ಬಾರಲಾಚಾ ದಾಟಿ ಜಿಸ್ಪಾದತ್ತ ಹೋಗುವ ಲಾರಿಗೆ ಬೈಸಿಕಲ್ಲಿನ ಸಮೇತ ಹತ್ತಿಸುವುದು ಲೇಸು.