ಹುಳುಮನೆಯ ಮಡಿ ಕೂಸಿಗೂ ಇರಲಿ

ಮಗಳೇ, ಕೂಸಿಗೆ ಭೇದಿ ಶುರುವಾದರೆ ಮನೆಯವರು ಮೊದಲು ಹೇಳುವುದು ಎರಡೇ ಮಾತು: ಹಲ್ಲು ಬರ್ತಿರಬೇಕು, ಇಲ್ಲಾ ದೃಷ್ಟಿ ತಾಕಿರಬೇಕು. ದೃಷ್ಟಿ ತೆಗೆಯುವುದಾದರೆ ತೆಗೆಯಲಿ, ನಾನು ಬೇಡ ಅನ್ನುವುದಿಲ್ಲ. ಅಡುಗೆಮನೆಯ ಮೂಲೆಯಲ್ಲಿರುವ ನೀರಿನ ಕೊಳಗವನ್ನೂ ಒಮ್ಮೆ ನೋಡು. ಕೊಟ್ಟಿಗೆಯಿಂದ ಬಂದವರು ಲೋಟ ಅದ್ದಿದರೆ ಅದರ ಜೊತೆ ನಾಲ್ಕು ಬೆರಳೂ ನೀರಿಗಿಳಿಯುತ್ತವೆ. ಕೂಸಿನ ಬಾಯಿಗೆ ಹೋಗುವುದು ಅದೇ ನೀರು. ಕುದಿಸಿ ಆರಿಸಿ, ಮುಚ್ಚಿಟ್ಟು, ಉದ್ದ ಹಿಡಿಯ ಸೌಟಿನಲ್ಲಿ ತೆಗೆ.

ಕೊಳ್ಳೇಗಾಲ, ಯಳಂದೂರು ಸೀಮೆಯಲ್ಲಿ ರೇಷ್ಮೆ ಸಾಕಿದ ಮನೆಯವಳು ನೀನು. ಹುಳುಮನೆ ಹೊಸ್ತಿಲು ದಾಟುವ ಮುಂಚೆ ಚಪ್ಪಲಿ ಬಿಟ್ಟು, ಕೈಕಾಲು ತೊಳೆದು, ಆಮೇಲೆ ಸೊಪ್ಪು ಮುಟ್ಟುತ್ತೀಯ. ಇಲ್ಲದಿದ್ದರೆ ಹಾಲುತೊಂಡೆಯೋ ಸಪ್ಪೆರೋಗವೋ ಬಂದು, ಚಂದ್ರಿಕೆಗೆ ಏರುವ ಮೊದಲೇ ಬೆಳೆ ಹೋಗುತ್ತದೆಂದು ನಿನಗೆ ಗೊತ್ತು. ಅಷ್ಟೇ ಮಡಿ ಕೂಸಿಗೂ ಬೇಕು ಕಣವ್ವ. ಅದರ ಕಕ್ಕ ತೊಳೆದ ಮೇಲೆ, ತುತ್ತು ಕಲಸುವ ಮೊದಲು, ಕೈಗೆ ಸೋಪು ಹಚ್ಚಲೇಬೇಕು. ಎಳೆಕೂಸಿನದಕ್ಕೆ ಏನು ದೋಷ ಅಂತ ಹಿತ್ತಿಲಿಗೆ ಎಸೆಯಬೇಡ. ನೊಣ ಅಲ್ಲಿಂದ ನೇರ ತಟ್ಟೆಗೇ ಬರುತ್ತದೆ. ಕಕ್ಕಸಿಗೇ ಹಾಕು.

ಹನೂರಿನ ಬೆಟ್ಟದಂಚಿನ ಊರುಗಳಲ್ಲಿ ಬೇಸಿಗೆಯ ನೀರು ಬಿಂದಿಗೆ ಲೆಕ್ಕ. ಅಲ್ಲಿ ಕೈ ತೊಳಿ ಅನ್ನುವುದು ಸುಲಭ, ತೊಳೆಯುವುದು ಕಷ್ಟ. ಹಾಗಾಗಿ ಭೇದಿಯೆಲ್ಲ ತಾಯಿಯ ತಪ್ಪು ಅಂತ ಯಾರಾದರೂ ಅಂದರೆ ಒಪ್ಪಬೇಡ. ನೀರು ತರುವುದು, ಕಕ್ಕಸು ಕಟ್ಟಿಸುವುದು ಗಂಡನ ಪಾಲಿಗೂ ಸೇರಿದ್ದು.

6 ತಿಂಗಳು ತುಂಬುವವರೆಗೆ ಎದೆಹಾಲು ಸಾಕು, ನೀರೂ ಬೇಡ. ಕೂಲಿಗೆ ಹೋಗಬೇಕಾದರೆ ಹಾಲು ಹಿಂಡಿಟ್ಟು ಹೋಗು. ಬಾಟಲಿ ಬೇಡ, ಅದರ ನಿಪ್ಪಲ್ಲಿನ ಸಂದು ತೊಳೆದು ಮುಗಿಯುವುದಿಲ್ಲ. ನಮ್ಮ ಹಳೇ ಒಳಲೆಯನ್ನು ಬಿಸಿನೀರಿನಲ್ಲಿ ಕುದಿಸಿ ಅದರಲ್ಲೇ ಕುಡಿಸಲಿ. 6, 10, 14ನೇ ವಾರದ ರೋಟಾ ವೈರಸ್ ಲಸಿಕೆ ತಪ್ಪಿಸಬೇಡ.

ಭೇದಿ ಬಂದಾಗ ‘ಕುಡಿಸಿದರೆ ಇನ್ನೂ ಹೋಗುತ್ತೆ’ ಅಂತ ಅತ್ತೆ ಅಂದರೆ, ಈ ಒಂದು ಮಾತು ಮಾತ್ರ ಕೇಳಬೇಡ. ಮಗು ಸೊರಗುವುದು ನೀರು ಕಳೆದುಕೊಂಡು. ಹಾಲು ನಿಲ್ಲಿಸದೆ, ಆಶಾ ಕಾರ್ಯಕರ್ತೆ ಕೊಡುವ ಓಆರ್‌ಎಸ್ ದೊಡ್ಡ ಪೊಟ್ಟಣವನ್ನು 1 ಲೀಟರ್ ನೀರಿಗೆ ಪೂರ್ತಿ ಕಲಸಿ ಚಮಚ ಚಮಚವಾಗಿ ಕುಡಿಸು. 24 ಗಂಟೆ ಆದಮೇಲೆ ಉಳಿದದ್ದು ಚೆಲ್ಲು. ಭೇದಿ ನಿಂತರೂ ಜಿಂಕ್ ಮಾತ್ರೆ 14 ದಿನ ಮುಗಿಸು.

ಕಣ್ಣು ಗುಳಿಬಿದ್ದರೆ, ಉಚ್ಚೆ ಕಡಿಮೆಯಾದರೆ, ಭೇದಿಯಲ್ಲಿ ರಕ್ತ ಕಂಡರೆ, ಕೂಸು ಹಾಲಿಗೂ ಬಾಯಿ ಹಾಕದೆ ಮಂಕಾಗಿ ಮಲಗಿದರೆ, ಬೆಳಗಾಗಲಿ ಅಂತ ಕಾಯಬೇಡ. ಆಗಲೇ 108ಕ್ಕೆ ಫೋನ್ ಮಾಡು.